ಅದೃಷ್ಟದ ಲೆಕ್ಕ

ಮೈಸೂರಿನ ಒಂಟಿಕೊಪ್ಪಲಿಗೆ ಎಂದೂ ಕಾಲಿಡದವರ ಮನೆಯಲ್ಲೂ ಒಂಟಿಕೊಪ್ಪಲ್ ಪಂಚಾಂಗ ಇರುತ್ತದೆ. ಯುಗಾದಿಯ ದಿನ ದೇವರ ಮುಂದಿಟ್ಟು, ಬೇವುಬೆಲ್ಲ ಹಂಚಿ, ಪಂಚಾಂಗ ಶ್ರವಣ ಮಾಡುವ ಮನೆಗಳಲ್ಲಿ ಆ ಪುಸ್ತಕಕ್ಕೆ ಒಂದು ಮರ್ಯಾದೆಯಿದೆ. ಯಾವ ಪಂಚಾಂಗವನ್ನು ಬಿಡಿಸಿ ನೋಡಿದರೂ ಅದರಲ್ಲಿ ಎರಡು ಬಗೆಯ ಮಾತುಗಳಿರುತ್ತವೆ. ಇಂಥ ದಿನ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಗ್ರಹಣದ ಸ್ಪರ್ಶ, ಇಷ್ಟಕ್ಕೆ ಮೋಕ್ಷ ಎನ್ನುವುದು ಒಂದು ಬಗೆ. ಆ ಹೊತ್ತಿಗೆ ಅಂಗಳಕ್ಕೆ ಬಂದು ಆಕಾಶ ನೋಡಿದವರಿಗೆ ಅದು ನಿಜವೋ ಸುಳ್ಳೋ ಗೊತ್ತಾಗುತ್ತದೆ. ತಪ್ಪಿದ್ದರೆ ಗಣಿತ ತಿದ್ದಿಕೊಳ್ಳಬೇಕಾಗುತ್ತದೆ. ಇಂಥ ರಾಶಿಯವರಿಗೆ ಈ ವರ್ಷ ಆದಾಯ ಇಷ್ಟು, ವ್ಯಯ ಇಷ್ಟು, ಮೊದಲು ಕಾರ್ಯವಿಘ್ನ, ಅನಂತರ ಅನುಕೂಲ ಎನ್ನುವುದು ಇನ್ನೊಂದು ಬಗೆ. ಅದು ಯಾವಾಗ ಸುಳ್ಳಾಯಿತು ಎಂದು ಹೇಳಲು ಯಾರ ಬಳಿಯೂ ಅಳತೆಗೋಲಿಲ್ಲ. ಎರಡೂ ಒಂದೇ ದಾರದಲ್ಲಿ ಹೊಲಿದ ಪುಟಗಳಾದ್ದರಿಂದ ಮೊದಲನೆಯದು ಗಳಿಸಿದ ನಂಬಿಕೆ ಎರಡನೆಯದಕ್ಕೂ ಸದ್ದಿಲ್ಲದೆ ಹರಿದುಹೋಗುತ್ತದೆ. ಕಾಣದ್ದರ ಬಗ್ಗೆ ನಾವು ಆಡುವ ಬಹಳಷ್ಟು ಮಾತುಗಳಲ್ಲಿ ಈ ಬೆರಕೆ ಇದೆ. ಕಾಣದ್ದೊಂದು ಇದೆ ಎಂದು ಹೇಳುವ ಹಕ್ಕು ನಮಗೆ ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದು ಈ ಬರಹದ ಪ್ರಶ್ನೆ. ಅದಕ್ಕೆ ಸಾಕ್ಷಿಯಾಗಿ ನಕ್ಷತ್ರಗಳನ್ನು ಬಿಟ್ಟು, ನೀರಿನಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದ ಒಂದು ಲೋಹದ ತುಂಡನ್ನು ಕರೆಯುತ್ತಿದ್ದೇನೆ.

ನೀರಿನ ವಿದ್ಯುದ್ವಿಭಜನೆ ಹೈಸ್ಕೂಲಿನ ಪಾಠ. ಸ್ವಲ್ಪ ಆಮ್ಲ ಬೆರೆಸಿದ ನೀರಿನಲ್ಲಿ ಎರಡು ಲೋಹದ ಅಗ್ರಗಳನ್ನು ಇಳಿಬಿಟ್ಟು ಬ್ಯಾಟರಿಗೆ ಜೋಡಿಸಿದರೆ ಋಣಾಗ್ರದಲ್ಲಿ ಹೈಡ್ರೋಜನ್, ಧನಾಗ್ರದಲ್ಲಿ ಆಮ್ಲಜನಕ ಗುಳ್ಳೆಗಳಾಗಿ ಏಳುತ್ತವೆ. ಗಾತ್ರದಲ್ಲಿ ಎರಡಕ್ಕೆ ಒಂದು. ಋಣಾಗ್ರ ಪ್ಲಾಟಿನಮ್ಮಿನದಾದರೆ ಈ ಲೆಕ್ಕ ಸರಿಹೋಗುತ್ತದೆ. ಪಲ್ಲಾಡಿಯಮ್ಮಿನದಾದರೆ ಮೊದಮೊದಲು ತಪ್ಪುತ್ತದೆ. ವಿದ್ಯುತ್ ಹರಿಯುತ್ತಿದೆ, ಆಚೆಯ ಅಗ್ರದಲ್ಲಿ ಆಮ್ಲಜನಕ ಬರುತ್ತಿದೆ, ಈಚೆಯ ಪಲ್ಲಾಡಿಯಮ್ಮಿನ ಮೇಲೆ ಮಾತ್ರ ಗುಳ್ಳೆ ವಿರಳ. ಬಹಳ ಹೊತ್ತಿನ ಮೇಲೆ ಗುಳ್ಳೆ ಜೋರಾಗುತ್ತದೆ. ಹಾಗೆ ತುಂಬಿಕೊಂಡ ಮೇಲೆ ಬ್ಯಾಟರಿಯ ತಂತಿಯನ್ನು ಕಿತ್ತುಬಿಟ್ಟರೂ ಲೋಹದ ಮೈಯಿಂದ ಅನಿಲ ಏಳುತ್ತಲೇ ಇರುತ್ತದೆ. ಮೊದಲು ಕಾರಣವಿದ್ದೂ ಕಾರ್ಯವಿಲ್ಲ. ಆಮೇಲೆ ಕಾರಣ ಹೋದರೂ ಕಾರ್ಯವಿದೆ. ನಡುವೆ ನಡೆಯುವುದು ಇಷ್ಟು: ನೀರಿನಲ್ಲಿರುವ ಪ್ರೋಟಾನು ಲೋಹದ ಮೇಲ್ಮೈಯಲ್ಲಿ ಒಂದು ಎಲೆಕ್ಟ್ರಾನು ಪಡೆದು ಹೈಡ್ರೋಜನ್ ಪರಮಾಣುವಾಗಿ ಅಲ್ಲೇ ಅಂಟಿಕೊಳ್ಳುತ್ತದೆ. ಅದಕ್ಕೆ ಎರಡು ದಾರಿಗಳಿವೆ. ಇನ್ನೊಂದರ ಜೊತೆ ಕೂಡಿ ಅಣುವಾದರೆ ಗುಳ್ಳೆಯಾಗಿ ಹಾರಿಹೋಗುತ್ತದೆ. ಒಂಟಿಯಾಗಿಯೇ ಉಳಿದರೆ ಪಲ್ಲಾಡಿಯಮ್ ಪರಮಾಣುಗಳ ಸಂದಿಯೊಳಗೆ ಇಳಿದುಬಿಡುತ್ತದೆ. ವಿದ್ಯುತ್ತಿನ ಒತ್ತಾಯ ನಿಂತಾಗ ಒಳಗಿಳಿದವು ಮೆಲ್ಲಗೆ ಮೇಲ್ಮೈಗೆ ಮರಳಿ, ಜೋಡಿಯಾಗಿ, ಹೊರಬೀಳುತ್ತವೆ.

ಬರಿಗಣ್ಣಿಗೆ ಇದರಲ್ಲಿ ಯಾವುದೂ ಕಾಣುವುದಿಲ್ಲ. ತುಂಬುವ ಮೊದಲು ಹೊಳೆಯುತ್ತಿದ್ದ ಲೋಹ ತುಂಬಿದ ಮೇಲೂ ಲೋಹವೇ. ಹಾಗಾದರೆ ಒಳಗೆ ಹೈಡ್ರೋಜನ್ ಇದೆ ಎನ್ನುವುದು ಎಂಥ ಜ್ಞಾನ? ನಮ್ಮ ಮೀಮಾಂಸಕರ ಬಳಿ ಇದಕ್ಕೆ ಹೆಸರಿದೆ: ಅರ್ಥಾಪತ್ತಿ. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ. ಹಾಗಾದರೆ ರಾತ್ರಿ ಉಣ್ಣುತ್ತಿರಬೇಕು. ಎರಡು ನಿಶ್ಚಿತ ಸಂಗತಿಗಳು ಒಂದಕ್ಕೊಂದು ಹೊಂದದೆ ನಿಂತಾಗ, ಹೊಂದಿಸಲು ಕಾಣದ ಮೂರನೆಯದನ್ನು ಒಪ್ಪುವುದು. ನೈಯಾಯಿಕರು ಇದನ್ನು ಪ್ರತ್ಯೇಕ ಪ್ರಮಾಣವೆನ್ನದೆ ಅನುಮಾನದಲ್ಲೇ ಸೇರಿಸುತ್ತಾರೆ. ನಮ್ಮ ಪ್ರಶ್ನೆಗೆ ಆ ಭೇದ ಅಡ್ಡಿಯಾಗುವುದಿಲ್ಲ. ಮುಖ್ಯವಾದದ್ದು, ದೇವದತ್ತನ ರಾತ್ರಿಯೂಟ ಊಹೆಯಾಗಿಯೇ ಉಳಿಯಬೇಕಿಲ್ಲ ಎಂಬುದು. ಅಡುಗೆಮನೆಯ ಅಕ್ಕಿ ಡಬ್ಬ ನೋಡಬಹುದು. ಪಲ್ಲಾಡಿಯಮ್ಮಿನ ವಿಷಯದಲ್ಲಿ ಆ ಡಬ್ಬವನ್ನು ಹಲವರು ಹಲವು ಕಡೆಯಿಂದ ನೋಡಿದರು. 1866ರಲ್ಲಿ ಲಂಡನ್ನಿನ ಥಾಮಸ್ ಗ್ರಹಾಮ್ ಈ ಲೋಹ ತನ್ನ ಗಾತ್ರದ ನೂರಾರು ಪಟ್ಟು ಹೈಡ್ರೋಜನನ್ನು ನುಂಗುತ್ತದೆ ಎಂದು ಅಳೆದು ತೋರಿಸಿದ. ಮುಂದೆ ವಿದ್ಯುದ್ವಿಭಜನೆಯಿಂದಲೂ ತುಂಬಿಸಿದ. ಹತ್ತು ಪಲ್ಲಾಡಿಯಮ್ ಪರಮಾಣುಗಳಿಗೆ ಏಳು ಹೈಡ್ರೋಜನ್ ಪರಮಾಣುಗಳಂತೆ ಸೇರಿದರೆ ಅದು ಲೋಹದ ಗಾತ್ರದ ಸುಮಾರು 900 ಪಟ್ಟು ಅನಿಲ. ತೂಕ ಹಾಕಿದರೆ ಹೆಚ್ಚಾಗಿರುತ್ತದೆ. ಅಳೆದರೆ ಲೋಹ ಗಾತ್ರದಲ್ಲಿ ಸುಮಾರು ನೂರಕ್ಕೆ ಹತ್ತರಷ್ಟು ಉಬ್ಬಿರುತ್ತದೆ. ಎಕ್ಸ್-ಕಿರಣದಲ್ಲಿ ಪರಮಾಣುಗಳ ನಡುವಿನ ಅಂತರ ಹಿಗ್ಗಿದ್ದು ಕಾಣುತ್ತದೆ. ಮೊದಲಿಗೆ ಕೊರತೆ ಬಿದ್ದ ಅನಿಲವೆಷ್ಟೋ ಕೊನೆಗೆ ಹೊರಬಂದ ಅನಿಲವೂ ಅಷ್ಟೇ. ನಾಲ್ಕು ದಾರಿಯಿಂದ ಹೋದವರು ಒಂದೇ ಮೊತ್ತಕ್ಕೆ ಬಂದು ಸೇರಿದಾಗ ಕಾಣದ್ದು ಸಾಬೀತಾಯಿತು. ಕೈಯಲ್ಲಿ ಹಿಡಿಯುವ ನಿಕ್ಕಲ್-ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ಲು ಇವತ್ತಿಗೂ ಈ ಜ್ಞಾನದ ಮೇಲೆ ನಡೆಯುತ್ತಿದೆ. ಚಾರ್ಜ್ ಮಾಡುವುದೆಂದರೆ ಅದರೊಳಗಿನ ಮಿಶ್ರಲೋಹಕ್ಕೆ ಹೈಡ್ರೋಜನ್ ತುಂಬುವುದೇ.

ಈಗ ಅದೃಷ್ಟ ಎಂಬ ಮಾತಿಗೆ ಬರೋಣ. ಕನ್ನಡದಲ್ಲಿ ನಾವು ಅದನ್ನು ಒಳ್ಳೆಯ ನಸೀಬು ಎಂಬಷ್ಟಕ್ಕೆ ಇಳಿಸಿಕೊಂಡಿದ್ದೇವೆ. ಮೂಲದಲ್ಲಿ ಅದರ ಅರ್ಥ ಕಾಣದ್ದು ಎಂದಷ್ಟೇ. ಕಣಾದನ ವೈಶೇಷಿಕ ಸೂತ್ರಗಳ ಐದನೆಯ ಅಧ್ಯಾಯ ಚಲನೆಗಳ ಕಾರಣ ಹುಡುಕುತ್ತದೆ. ಕೈ ತಳ್ಳಿದ್ದರಿಂದ ಒನಕೆ ಎದ್ದಿತು, ಭಾರದಿಂದ ಹಣ್ಣು ಬಿದ್ದಿತು ಎಂದು ಕಾಣುವ ಕಾರಣಗಳನ್ನು ಹೇಳಿಕೊಂಡು ಹೋಗುವ ಸೂತ್ರಕಾರ, ಸೂಜಿ ಅಯಸ್ಕಾಂತದ ಕಡೆಗೆ ಸರಿಯುವುದಕ್ಕೆ, ಗಿಡದೊಳಗೆ ನೀರು ಮೇಲೇರುವುದಕ್ಕೆ, ಜ್ವಾಲೆ ಮೇಲಕ್ಕೇ ಏಳುವುದಕ್ಕೆ, ಸೃಷ್ಟಿಯ ಆರಂಭದಲ್ಲಿ ಪರಮಾಣುಗಳು ಮೊದಲ ಬಾರಿಗೆ ಕದಲುವುದಕ್ಕೆ ಕಾರಣ ಅದೃಷ್ಟ ಎನ್ನುತ್ತಾನೆ. ಇದು ಪ್ರಾಮಾಣಿಕ ಮಾತು: ಕಾರ್ಯ ಕಾಣುತ್ತಿದೆ, ಕಾರಣ ಇರಲೇಬೇಕು, ಅದು ಕಣ್ಣಿಗೆ ಸಿಕ್ಕಿಲ್ಲ. ಅದೇ ಶಾಸ್ತ್ರದಲ್ಲಿ ಅದೇ ಪದಕ್ಕೆ ಇನ್ನೊಂದು ಕೆಲಸವನ್ನೂ ಕೊಟ್ಟರು. ಮನುಷ್ಯ ಮಾಡಿದ ಧರ್ಮಾಧರ್ಮಗಳು ಆತ್ಮದಲ್ಲಿ ಕಾಣದೆ ಉಳಿದು ಕಾಲಾಂತರದಲ್ಲಿ ಸುಖದುಃಖಗಳನ್ನು ಕೊಡುತ್ತವೆ; ಆ ಉಳಿಕೆಯೂ ಅದೃಷ್ಟವೇ. ಮೀಮಾಂಸಕರು ಇದಕ್ಕೆ ಅಪೂರ್ವ ಎಂದರು. ಯಾಗ ಇವತ್ತು ಮುಗಿದು ಬೂದಿಯಾಗುತ್ತದೆ, ಸ್ವರ್ಗ ಸತ್ತ ಮೇಲೆ. ನಡುವಿನ ಅಂತರವನ್ನು ದಾಟಿಸುವ ಕಾಣದ ಶಕ್ತಿಯೊಂದಿರಬೇಕು ಎಂಬ ಅರ್ಥಾಪತ್ತಿ ಅದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ಎಂ. ಹಿರಿಯಣ್ಣನವರು 1932ರಲ್ಲಿ ಪ್ರಕಟಿಸಿದ ಭಾರತೀಯ ದರ್ಶನಗಳ ಗ್ರಂಥವನ್ನು ಓದಿದವರಿಗೆ ಈ ವಾದಗಳ ಪರಿಚಯ ಇದ್ದೇ ಇರುತ್ತದೆ. ಗಮನಿಸಬೇಕಾದದ್ದು ಒಂದೇ: ಅಯಸ್ಕಾಂತದ ಸೆಳೆತಕ್ಕೂ ಹಿಂದಿನ ಜನ್ಮದ ಪಾಪಕ್ಕೂ ಒಂದೇ ಹೆಸರು ಬಿದ್ದಿತು.

ತುಂಬಿದ ಪಲ್ಲಾಡಿಯಮ್ ಈ ಎರಡನೆಯ ಅದೃಷ್ಟಕ್ಕೆ ಹೇಳಿ ಮಾಡಿಸಿದ ಉಪಮೆಯಂತೆ ಕಾಣುತ್ತದೆ. ಕರ್ಮ ನಿಂತಿದೆ, ಫಲ ಬರುತ್ತಿದೆ, ನಡುವೆ ಸಂಚಿತವಿದೆ. ಇನ್ನೂ ಮೊನಚಾದ ಉದಾಹರಣೆ ಉಕ್ಕಿನದು. ಗಟ್ಟಿ ಉಕ್ಕಿನ ಬೋಲ್ಟಿಗೆ ತುಕ್ಕು ಹಿಡಿಯದಂತೆ ಸತುವಿನ ಪ್ಲೇಟಿಂಗ್ ಮಾಡುವಾಗ ಅದೂ ಋಣಾಗ್ರವೇ. ಸತುವಿನ ಜೊತೆಗೆ ಒಂದಿಷ್ಟು ಹೈಡ್ರೋಜನ್ ಅದರೊಳಗೂ ಇಳಿಯುತ್ತದೆ. ಬೋಲ್ಟು ಹೊಳೆಯುತ್ತದೆ, ಬಿಗಿಮಾಡಿದರೆ ಹಿಡಿದು ನಿಲ್ಲುತ್ತದೆ. ಗಂಟೆಗಳೋ ದಿನಗಳೋ ಕಳೆದ ಮೇಲೆ, ಯಾರೂ ಮುಟ್ಟದಿರುವಾಗ, ಒಂದು ಕ್ಷಣದಲ್ಲಿ ತುಂಡಾಗುತ್ತದೆ. ಒಳಗಿನ ಹೈಡ್ರೋಜನ್ ಒತ್ತಡವಿರುವ ಕಡೆಗೆ ಸರಿದು ಸೇರಿಕೊಂಡು ಲೋಹವನ್ನು ಪೆಡಸು ಮಾಡಿರುತ್ತದೆ. ಮಾಡಿದ್ದು ಎಂದೋ, ಉಂಡದ್ದು ಎಂದೋ. ಇಂಥದ್ದನ್ನು ಕಂಡ ಭಕ್ತನಿಗೆ, ಜಡವಾದ ಲೋಹವೇ ತನ್ನೊಳಗೆ ಸಂಚಿತವನ್ನು ಇಟ್ಟುಕೊಳ್ಳಬಲ್ಲದಾದರೆ ಚೇತನವಾದ ಜೀವ ಯಾಕೆ ಇಟ್ಟುಕೊಳ್ಳಬಾರದು ಎಂದು ಕೇಳಬೇಕೆನಿಸುವುದು ಸಹಜ. ಕೇಳಬಹುದು. ಕೇಳಿದ ಕೂಡಲೇ ಉತ್ತರ ಸಿಕ್ಕಿತು ಎಂದುಕೊಳ್ಳಬಾರದು. ಲೋಹದ ಸಂಚಿತವನ್ನು ನಾವು ಒಪ್ಪಿದ್ದು ಅದು ನಮ್ಮ ಒಗಟನ್ನು ಬಿಡಿಸಿತು ಎಂಬ ಕಾರಣಕ್ಕಷ್ಟೇ ಆಗಿರಲಿಲ್ಲ. ಒಗಟಿಗೆ ಸಂಬಂಧವೇ ಇಲ್ಲದ ಬೇರೆ ದಾರಿಗಳಿಂದಲೂ ಅದು ಲೆಕ್ಕಕ್ಕೆ ಸಿಕ್ಕಿತು ಎಂಬ ಕಾರಣಕ್ಕೆ. ಆ ಎರಡನೆಯ ಹೆಜ್ಜೆ ಬಿಟ್ಟುಹೋದಾಗ ಏನಾಗುತ್ತದೆ ಎಂಬುದಕ್ಕೂ ಇದೇ ಪಲ್ಲಾಡಿಯಮ್ಮಿನ ಚರಿತ್ರೆಯಲ್ಲಿ ನಿದರ್ಶನಗಳಿವೆ.

1926ರಲ್ಲಿ ಬರ್ಲಿನ್ನಿನ ಫ್ರೀಡ್ರಿಕ್ ಪಾನೆತ್ ಮತ್ತು ಕುರ್ಟ್ ಪೀಟರ್ಸ್ ಎಂಬ ರಸಾಯನಶಾಸ್ತ್ರಜ್ಞರು ಪಲ್ಲಾಡಿಯಮ್ ಹೀರಿಕೊಂಡ ಹೈಡ್ರೋಜನ್ ಹೀಲಿಯಮ್ಮಾಗಿ ಮಾರ್ಪಟ್ಟಿದೆ ಎಂದು ಪ್ರಕಟಿಸಿದರು. ಹೀಲಿಯಮ್ ಅತ್ಯಲ್ಪವಾಗಿ ಸಿಕ್ಕಿದ್ದು ನಿಜವೇ. ಮರುವರ್ಷ ಅವರೇ ಆ ಮಾತನ್ನು ಹಿಂತೆಗೆದುಕೊಂಡರು. ಗಾಜು ಮೊದಲೇ ಗಾಳಿಯಿಂದ ಹೀಲಿಯಮ್ ಹೀರಿಕೊಂಡಿರುತ್ತದೆ. ಹೈಡ್ರೋಜನ್ನಿನಲ್ಲಿ ಕಾಯಿಸಿದಾಗ ಅದನ್ನು ಬಿಟ್ಟುಕೊಡುತ್ತದೆ, ಆಮ್ಲಜನಕದಲ್ಲಿ ಕಾಯಿಸಿದರೆ ಹಾಗೆ ಬಿಡುವುದಿಲ್ಲ. ಹೋಲಿಕೆಗೆಂದು ಆಮ್ಲಜನಕದಲ್ಲಿ ಮಾಡಿದ ಪ್ರಯೋಗ ಅದರಿಂದಲೇ ಅವರನ್ನು ದಾರಿ ತಪ್ಪಿಸಿತ್ತು. ನಮ್ಮ ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಇಂಥ ತಪ್ಪಿನ ಮೂಲಕ್ಕೆ ಉಪಾಧಿ ಎಂಬ ಹೆಸರಿದೆ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎನ್ನುವುದು ಸರಿ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎನ್ನುವುದು ತಪ್ಪು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಗೆ ಬೆಂಕಿಯ ಜೊತೆ ಹಸಿ ಸೌದೆಯೂ ಬೇಕು. ಆ ಹಸಿ ಸೌದೆಯೇ ಉಪಾಧಿ; ನಾವು ಗಮನಿಸದೆ ಬಿಟ್ಟ, ಆದರೆ ನಿಜವಾಗಿ ಕೆಲಸ ಮಾಡುತ್ತಿದ್ದ ಷರತ್ತು. ಮೈಸೂರು ಸೀಮೆಯ ಬನ್ನೂರಿನಲ್ಲಿ ಹುಟ್ಟಿದ ವ್ಯಾಸತೀರ್ಥರು ತರ್ಕತಾಂಡವ ಬರೆದು ನವ್ಯನ್ಯಾಯದವರೊಡನೆ ಅಕ್ಷರ ಅಕ್ಷರಕ್ಕೂ ಸೆಣಸಿದ್ದು ಇಂಥ ಲಕ್ಷಣಗಳ ವಿಷಯದಲ್ಲೇ. ಸೌದೆ ಒಣಗಿದೆಯೋ ಹಸಿಯೋ ಎಂದು ಮುಟ್ಟಿ ನೋಡುವ ಶ್ರದ್ಧೆ ನಮ್ಮ ಪರಂಪರೆಗೆ ಹೊರಗಿನಿಂದ ಬಂದದ್ದಲ್ಲ.

ಪಲ್ಲಾಡಿಯಮ್ಮಿನ ಅದೇ ಒಗಟು 1989ರ ಮಾರ್ಚ್ 23ರಂದು ದೊಡ್ಡದಾಗಿ ಮರಳಿ ಬಂದಿತು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಫ್ಲೀಷ್‌ಮನ್ ಮತ್ತು ಸ್ಟ್ಯಾನ್ಲಿ ಪಾನ್ಸ್, ಭಾರಜಲದ ವಿದ್ಯುದ್ವಿಭಜನೆಯಿಂದ ಪಲ್ಲಾಡಿಯಮ್ಮಿಗೆ ಡ್ಯುಟೀರಿಯಮ್ ಎಂಬ ಭಾರ ಹೈಡ್ರೋಜನ್ ತುಂಬಿಸಿದಾಗ ಕೊಟ್ಟ ವಿದ್ಯುತ್ತಿಗಿಂತ ಹೆಚ್ಚು ಶಾಖ ಬಂದಿದೆ, ರಸಾಯನಕ್ರಿಯೆಯಿಂದ ಅಷ್ಟು ಬರಲಾರದು, ಆದ್ದರಿಂದ ಇದು ನ್ಯೂಕ್ಲಿಯಸ್ಸುಗಳ ಸಮ್ಮಿಲನ ಎಂದು ಸಾರಿದರು. ಶೀತ ಸಮ್ಮಿಲನ ಎಂಬ ಮಾತು ಲೋಕವನ್ನು ಸುತ್ತಿತು. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ, ಆಗ ನಿರ್ದೇಶಕರಾಗಿದ್ದ ಪಿ.ಕೆ. ಅಯ್ಯಂಗಾರ್ ಅವರ ಪ್ರೋತ್ಸಾಹದಲ್ಲಿ, ಹಲವು ತಂಡಗಳು ಕೆಲವೇ ವಾರಗಳಲ್ಲಿ ಪ್ರಯೋಗಕ್ಕಿಳಿದವು. ಅಯ್ಯಂಗಾರ್ ಮತ್ತು ಎಂ. ಶ್ರೀನಿವಾಸನ್ ಸಂಪಾದಿಸಿದ ವರದಿ ಆ ವರ್ಷದ ಕೊನೆಯಲ್ಲಿ ಬಂತು. ನ್ಯೂಟ್ರಾನು ಮತ್ತು ಟ್ರಿಟಿಯಮ್ ಎಂಬ ಇನ್ನೂ ಭಾರವಾದ ಹೈಡ್ರೋಜನ್ ಎರಡನ್ನೂ ಕಂಡಿದ್ದೇವೆ, ಟ್ರಿಟಿಯಮ್ ಮಾತ್ರ ನ್ಯೂಟ್ರಾನಿಗಿಂತ ಸುಮಾರು ಹತ್ತು ಕೋಟಿ ಪಟ್ಟು ಹೆಚ್ಚು ಎಂದಿತು. ಪರಿಚಿತವಾದ ಡ್ಯುಟೀರಿಯಮ್ ಸಮ್ಮಿಲನದಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮ. ಅಂದರೆ ಕಂಡದ್ದು ನಿಜವಾಗಿದ್ದರೂ ಅದು ಗೊತ್ತಿರುವ ಸಮ್ಮಿಲನ ಆಗಿರಲಿಲ್ಲ. ಇಲ್ಲಿ ಹಸಿ ಸೌದೆಯನ್ನು ಹುಡುಕುವ ಕೆಲಸ ಶುರುವಾಯಿತು. ಹೊರಹೋಗುವ ಹೈಡ್ರೋಜನ್ ಮತ್ತು ಆಮ್ಲಜನಕ ಪಾತ್ರೆಯೊಳಗೇ ಮತ್ತೆ ಕೂಡಿ ನೀರಾದರೆ ಶಾಖ ಹುಟ್ಟುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಪವಾಡದಂತೆ ಕಾಣುತ್ತದೆ. ಒಂದು ಘನ ಸೆಂಟಿಮೀಟರ್ ತುಂಬಿದ ಪಲ್ಲಾಡಿಯಮ್ಮಿನಿಂದ ಹೊರಬೀಳುವ ಹೈಡ್ರೋಜನ್ ಆಮ್ಲಜನಕದೊಡನೆ ಉರಿದರೆ ಸುಮಾರು 11 ಕಿಲೋಜೂಲ್ ಶಾಖ. ನೂರು ಮಿಲಿಲೀಟರ್ ನೀರನ್ನು 25 ಡಿಗ್ರಿಗೂ ಮೇಲೆ ಕಾಯಿಸಲು ಸಾಕು. ಟ್ರಿಟಿಯಮ್ ಭಾರಜಲದಲ್ಲಿ ಮೊದಲೇ ಅತ್ಯಲ್ಪವಾಗಿ ಇರುತ್ತದೆ. ವಿದ್ಯುದ್ವಿಭಜನೆಯಲ್ಲಿ ಹಗುರವಾದದ್ದು ಬೇಗ ಅನಿಲವಾಗಿ ಹೋಗಿ ಭಾರವಾದದ್ದು ಉಳಿದು ಸಾಂದ್ರವಾಗುತ್ತದೆ. ಪ್ರಯೋಗ ಮಾಡಿದವರು ಇವನ್ನೆಲ್ಲ ಬಲ್ಲವರೇ, ತಮ್ಮ ಅಳತೆ ಇವುಗಳನ್ನು ಮೀರಿದೆ ಎಂದೇ ವಾದಿಸಿದರು. ಆದರೆ ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಸಿಗಲಿಲ್ಲ, ಒಂದು ಸಲ ಸಿಕ್ಕಿದ್ದು ಮರುಸಲ ಸಿಗಲಿಲ್ಲ. 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ, ಗೂಗಲ್ ಹಣ ಕೊಟ್ಟು ಹಲವು ಸಂಸ್ಥೆಗಳಲ್ಲಿ ನಡೆಸಿದ ಮರುಪರೀಕ್ಷೆಗೂ ಅಂಥ ಪರಿಣಾಮದ ಸುಳಿವು ದೊರೆಯಲಿಲ್ಲ.

ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದು ಹೇಳಬಹುದೇ ಎಂಬುದು ನ್ಯಾಯವಾದ ಪ್ರಶ್ನೆ, ಮತ್ತು ಇದಕ್ಕೂ ನಮ್ಮವರು ಉತ್ತರ ಸಿದ್ಧಪಡಿಸಿದ್ದರು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಪ್ರಮಾಣವಾಗಿ ಒಪ್ಪುತ್ತಾರೆ, ಒಂದು ಷರತ್ತಿನ ಮೇಲೆ: ಇದ್ದಿದ್ದರೆ ಕಾಣಲೇಬೇಕಿತ್ತು ಎಂಬಂತಿರಬೇಕು. ಬೆಳಕಿರುವ ಕೋಣೆಯ ನೆಲದ ಮೇಲೆ ತಂಬಿಗೆ ಕಾಣದಿದ್ದರೆ ತಂಬಿಗೆ ಇಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಇದನ್ನು ಯೋಗ್ಯಾನುಪಲಬ್ಧಿ ಎನ್ನುತ್ತಾರೆ. ಗೊತ್ತಿರುವ ಬಗೆಯ ಡ್ಯುಟೀರಿಯಮ್ ಸಮ್ಮಿಲನದಿಂದ ಒಂದು ವಾಟ್ ಶಾಖ ಬರಬೇಕಾದರೆ ಪ್ರತಿ ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ನ್ಯೂಟ್ರಾನುಗಳು ಹೊರಬರಬೇಕು. ಪಕ್ಕದಲ್ಲಿ ನಿಂತವರು ಆರೋಗ್ಯವಾಗಿ ಉಳಿಯುವಂತಿಲ್ಲ. ಅವರು ಆರೋಗ್ಯವಾಗಿಯೇ ಇದ್ದರು. ಆದ್ದರಿಂದ ಆ ಶಾಖಕ್ಕೆ ಆ ಕಾರಣವಿರಲಿಲ್ಲ ಎನ್ನುವುದು ಬೆಳಕಿನ ಕೋಣೆಯ ತಂಬಿಗೆಯ ಮಾತು. ಇನ್ನಾವುದೋ ಗೊತ್ತಿಲ್ಲದ ಸೂಕ್ಷ್ಮ ಕ್ರಿಯೆ ಲೋಹದೊಳಗೆ ಇರಲೇಬಾರದೇ ಎಂಬುದು ಕತ್ತಲ ಕೋಣೆಯ ಮಾತು. ಅಲ್ಲಿ ಇಲ್ಲ ಎನ್ನುವುದೂ ಆತುರ, ಇದೆ ಎನ್ನುವುದೂ ಆತುರ. ಶೀತ ಸಮ್ಮಿಲನದ ಪ್ರಕರಣದಿಂದ ನಾನು ಕಲಿಯುವ ಪಾಠ ವಿಜ್ಞಾನಿಗಳೂ ಮೋಸಹೋಗುತ್ತಾರೆ ಎಂಬುದಲ್ಲ. ಕಾಣದ್ದನ್ನು ಹೇಳುವ ಮೊದಲು ಎರಡು ಕೆಲಸ ಮಾಡಬೇಕು ಎಂಬುದು: ಹಸಿ ಸೌದೆಯನ್ನು ಹುಡುಕುವುದು, ದೀಪ ಹಚ್ಚುವುದು. ಇವೆರಡನ್ನೂ ಮಾಡಿದ ಮೇಲೂ ಉಳಿದ ಕಾಣದ್ದಕ್ಕೆ ಜ್ಞಾನದ ಪಟ್ಟ ಸಲ್ಲುತ್ತದೆ.

ಇದನ್ನು ಈಗ ಧರ್ಮದ ಅದೃಷ್ಟಕ್ಕೆ ಹಿಡಿಯಬೇಕು, ಯಾಕೆಂದರೆ ಅಲ್ಲಿ ನಾವು ತಪ್ಪಿದಾಗ ನೋಯುವವರು ಮನುಷ್ಯರು. ಮಗುವಿಗೆ ಕಾಯಿಲೆಯಾದರೆ, ಹೆಣ್ಣುಮಗಳ ಗಂಡ ತೀರಿಕೊಂಡರೆ, ಒಬ್ಬ ದುಡಿಯುವವನ ಕಾಲು ಹೋದರೆ, ಸುತ್ತ ನಿಂತವರು ಪ್ರಾರಬ್ಧ ಎನ್ನುತ್ತಾರೆ. ಹುಟ್ಟಿನ ಜಾತಿಗೂ ಅದೇ ಮಾತನ್ನು ಹೇಳಿ ಶತಮಾನಗಳು ಕಳೆದವು. ಈ ಮಾತಿನ ತರ್ಕರೂಪ ಹೀಗಿದೆ: ಇಲ್ಲಿ ದುಃಖವಿದೆ; ದುಃಖ ಪಾಪದ ಫಲ; ಆದ್ದರಿಂದ ಇವರು ಹಿಂದೆ ಪಾಪ ಮಾಡಿದ್ದಾರೆ. ಹೆಚ್ಚುವರಿ ಶಾಖವಿದೆ, ಆದ್ದರಿಂದ ಸಮ್ಮಿಲನ ನಡೆದಿದೆ ಎಂಬ ವಾದದ ಅಚ್ಚೇ ಇದು. ಇಲ್ಲೂ ಹಸಿ ಸೌದೆಯನ್ನು ಯಾರೂ ಹುಡುಕಲಿಲ್ಲ. ಕುಡಿಯುವ ನೀರಿನಲ್ಲಿ ಏನಿತ್ತು, ಕಾರ್ಖಾನೆಯ ಯಂತ್ರಕ್ಕೆ ತಡೆಗಂಬಿ ಇತ್ತೇ, ಉಳುವ ಭೂಮಿ ಯಾರ ಹೆಸರಿನಲ್ಲಿತ್ತು, ಓದುವ ಬಾಗಿಲನ್ನು ಯಾರು ಮುಚ್ಚಿದ್ದರು ಎಂದು ಕೇಳಿದ್ದರೆ ಬಹಳಷ್ಟು ದುಃಖಗಳ ಲೆಕ್ಕ ಈ ಜನ್ಮದಲ್ಲೇ ಮುಗಿಯುತ್ತಿತ್ತು. ಹನ್ನೆರಡನೆಯ ಶತಮಾನದ ಶರಣರು ಹುಟ್ಟಿನ ಮೇಲೆ ಹೇರಿದ ಮೇಲುಕೀಳಿನ ತೀರ್ಪನ್ನು ಒಪ್ಪದೆ ಎದ್ದುನಿಂತದ್ದು ಇಂಥ ಲೆಕ್ಕ ಕೇಳುವ ಧೈರ್ಯದಿಂದಲೇ. ಪಲ್ಲಾಡಿಯಮ್ಮಿನ ಸಂಚಿತಕ್ಕೆ ತೂಕವಿತ್ತು, ಉಬ್ಬಿತ್ತು, ಒಳಹೋದ ಮೊತ್ತ ಹೊರಬಂದ ಮೊತ್ತಕ್ಕೆ ಸಮನಾಗಿತ್ತು. ನೆರೆಯವಳ ದುಃಖದಿಂದ ನಾವು ಊಹಿಸುವ ಅವಳ ಹಿಂದಿನ ಪಾಪಕ್ಕೆ ದುಃಖವನ್ನು ಬಿಟ್ಟು ಬೇರೆ ಸಾಕ್ಷಿಯೇ ಇಲ್ಲ. ಅಕ್ಕಿ ಡಬ್ಬ ನೋಡದೆಯೇ ದೇವದತ್ತನ ಮೇಲೆ ಹೊರಿಸಿದ ಆರೋಪ ಅದು.

ಇದಕ್ಕೆ ಬಲವಾದ ಆಕ್ಷೇಪಗಳಿವೆ. ಮೊದಲನೆಯದು: ಭೌತವಿಜ್ಞಾನವೂ ಲೆಕ್ಕ ಹೊಂದಿಸಲು ಕಾಣದ್ದನ್ನು ಕಲ್ಪಿಸಿಕೊಂಡಿಲ್ಲವೇ? ಕಲ್ಪಿಸಿಕೊಂಡಿದೆ. ಬೀಟಾ ಕಿರಣ ಹೊರಬರುವಾಗ ಒಂದಿಷ್ಟು ಶಕ್ತಿ ಲೆಕ್ಕಕ್ಕೆ ಸಿಗದೆ ಹೋಗುತ್ತಿತ್ತು. 1930ರಲ್ಲಿ ವುಲ್ಫ್‌ಗಾಂಗ್ ಪೌಲಿ, ಯಾವ ಉಪಕರಣಕ್ಕೂ ಸಿಗದ ಒಂದು ಕಣ ಅದನ್ನು ಹೊತ್ತೊಯ್ಯುತ್ತಿರಬೇಕು ಎಂದು ಸೂಚಿಸಿದ. ಅದೂ ಶುದ್ಧ ಅರ್ಥಾಪತ್ತಿ. ಆದರೆ ಆ ಕಣ ಇದ್ದರೆ ಎಲ್ಲಿ, ಎಷ್ಟು ವಿರಳವಾಗಿ, ಹೇಗೆ ಕಾಣಿಸಿಕೊಳ್ಳಬೇಕು ಎಂದು ಲೆಕ್ಕ ಹಾಕಲು ಸಾಧ್ಯವಿತ್ತು. ಹಾಗೆ ಹುಡುಕಿದವರಿಗೆ 1956ರಲ್ಲಿ ನ್ಯೂಟ್ರಿನೋ ಸಿಕ್ಕಿತು. ನಡುವಿನ 26 ವರ್ಷ ಅದು ಸಾಲವಾಗಿತ್ತು, ಸಾಲವೆಂದು ಎಲ್ಲರಿಗೂ ಗೊತ್ತಿತ್ತು, ತೀರಿಸುವ ದಾರಿಯೂ ಕಾಣುತ್ತಿತ್ತು. ಕಣಾದನ ಅದೃಷ್ಟವೂ ಅಯಸ್ಕಾಂತದ ಮಟ್ಟಿಗೆ ಇಂಥದೇ ಒಳ್ಳೆಯ ಸಾಲ, ಮುಂದಿನವರು ತೀರಿಸಿದರು. ಇನ್ನೊಬ್ಬರ ಪ್ರಾರಬ್ಧದ ಬಗ್ಗೆ ಆಡುವ ಮಾತು ಎಂದೂ ತೀರಿಸಬೇಕಾಗಿಲ್ಲದ ಸಾಲ. ಏನಾದರೂ ಅದಕ್ಕೆ ಅನುಕೂಲವೇ: ಒಳ್ಳೆಯವನಿಗೆ ಕಷ್ಟ ಬಂದರೆ ಹಳೆಯ ಪಾಪ, ಕೆಟ್ಟವನಿಗೆ ಸುಖ ಬಂದರೆ ಹಳೆಯ ಪುಣ್ಯ. ಯಾವ ಘಟನೆಯಿಂದಲೂ ತಪ್ಪಾಗಲಾರದ ಮಾತು ಯಾವ ಘಟನೆಯ ಬಗ್ಗೆಯೂ ಏನನ್ನೂ ಹೇಳಿರುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಆಳವಾದದ್ದು, ಮತ್ತು ಶಾಸ್ತ್ರ ಬಲ್ಲವರದು. ಧರ್ಮಾಧರ್ಮಗಳು ಅನುಮಾನಕ್ಕೆ ವಿಷಯವೇ ಅಲ್ಲ. ಅವು ಶಬ್ದಪ್ರಮಾಣದಿಂದ, ಆಗಮದಿಂದ ತಿಳಿಯತಕ್ಕವು. ತಕ್ಕಡಿಯಿಂದ ಅವನ್ನು ತೂಗಲು ಹೊರಟದ್ದೇ ತಪ್ಪು. ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪಿಕೊಂಡೇ ಉತ್ತರಿಸುತ್ತೇನೆ. ಆಗಮ ಹೇಳುವುದು ಸಾಮಾನ್ಯ ನಿಯಮವನ್ನು: ಮಾಡಿದ್ದಕ್ಕೆ ಫಲವಿದೆ ಎಂದು. ಈ ಬೀದಿಯ ಈ ಮನೆಯ ಈ ಮಗುವಿನ ಜ್ವರ ಇಂಥ ಜನ್ಮದ ಇಂಥ ಕರ್ಮದ ಫಲ ಎಂದು ಯಾವ ಆಗಮವೂ ಹೇಳಿಲ್ಲ. ಸಾಮಾನ್ಯ ನಿಯಮದಿಂದ ಈ ಮಗುವಿಗೆ ಬರುವ ಹೆಜ್ಜೆ ನಮ್ಮದು, ಅದು ಅನುಮಾನ, ಅನುಮಾನವಾದ ಮೇಲೆ ಅದು ಉಪಾಧಿಯ ಪರೀಕ್ಷೆಗೆ ನಿಲ್ಲಲೇಬೇಕು. ಶಾಸ್ತ್ರದ ಗೌರವವನ್ನು ನಮ್ಮ ಊಹೆಗೆ ಹೊದಿಸುವುದು ಶಾಸ್ತ್ರಕ್ಕೆ ಮಾಡುವ ಉಪಕಾರವಲ್ಲ. ಪಂಚಾಂಗದ ಗ್ರಹಣದ ಪುಟದ ನಂಬಿಕೆ ಫಲದ ಪುಟಕ್ಕೆ ಹರಿದಂತೆಯೇ ಇದು. ನಮ್ಮ ಆಚಾರ್ಯರು ಸ್ವತಃ ಈ ವಿಷಯ ಇತ್ಯರ್ಥವಾಗಿದೆ ಎಂದುಕೊಂಡಿರಲಿಲ್ಲ. ಜಡವಾದ ಅಪೂರ್ವ ತಾನಾಗಿ ಯಾರಿಗೆ ಯಾವ ಫಲ ಎಂದು ಹಂಚಲಾರದು, ಫಲ ಕೊಡುವವನು ಈಶ್ವರ ಎಂದು ಬ್ರಹ್ಮಸೂತ್ರಗಳು ಮೀಮಾಂಸೆಯ ಸೂತ್ರಕಾರ ಜೈಮಿನಿಯ ಮತವನ್ನು ಎದುರಿಟ್ಟುಕೊಂಡು ವಾದಿಸುತ್ತವೆ. ದೊಡ್ಡವರು ಅಷ್ಟು ಎಚ್ಚರದಿಂದ ನಡೆದ ನೆಲದಲ್ಲಿ ನಾವು ಜಗಲಿಯ ಮೇಲೆ ಕುಳಿತು ತೀರ್ಪು ಕೊಡುತ್ತಿದ್ದೇವೆ.

ಮೂರನೆಯ ಆಕ್ಷೇಪ ಕರುಣೆಯಿಂದ ಬರುತ್ತದೆ. ಕರ್ಮದ ನಂಬಿಕೆ ಎಷ್ಟೋ ನೊಂದವರಿಗೆ ಆಸರೆಯಾಗಿದೆ. ತಕ್ಕಡಿ ಹಿಡಿದು ಅದನ್ನು ಕಿತ್ತುಕೊಂಡರೆ ಅವರಿಗೆ ಏನು ಉಳಿಯಿತು? ನೊಂದವನು ತನ್ನ ನೋವನ್ನು ತಾನು ಹೇಗೆ ಹೊರುತ್ತಾನೆ ಎಂಬುದು ಅವನ ಸ್ವಾತಂತ್ರ್ಯ. ಇದು ನನ್ನ ಪಾಲಿಗೆ ಬಂದದ್ದು, ದ್ವೇಷವಿಲ್ಲದೆ ಉಣ್ಣುತ್ತೇನೆ ಎಂದು ಒಬ್ಬಾಕೆ ತನ್ನ ಬಗ್ಗೆ ಹೇಳಿಕೊಂಡರೆ ಅದು ಶ್ರದ್ಧೆ. ಅದು ಲೋಕದ ಬಗ್ಗೆ ಕೊಟ್ಟ ವರದಿಯಲ್ಲ, ತಾನು ಹೇಗೆ ಬಾಳಬೇಕೆಂದು ಮಾಡಿಕೊಂಡ ಸಂಕಲ್ಪ. ಅದಕ್ಕೆ ತಕ್ಕಡಿ ಹಿಡಿಯುವ ಅಧಿಕಾರ ಯಾರಿಗೂ ಇಲ್ಲ. ಅದೇ ಮಾತನ್ನು ಪಕ್ಕದವರು ಅವಳ ಬಗ್ಗೆ ಹೇಳಿದಾಗ ಅದು ಶ್ರದ್ಧೆಯಾಗಿ ಉಳಿಯದೆ ಆರೋಪವಾಗುತ್ತದೆ. ವ್ಯಾಕರಣದ ಪುರುಷ ಬದಲಾದಾಗ ಧರ್ಮದ ಅರ್ಥವೂ ಬದಲಾಗುತ್ತದೆ. ಉತ್ತಮಪುರುಷದಲ್ಲಿ ಆಡಿದರೆ ಕರ್ಮಸಿದ್ಧಾಂತ ವಿನಯ, ಪ್ರಥಮಪುರುಷದಲ್ಲಿ ಆಡಿದರೆ ಕ್ರೌರ್ಯ. ವಿಚಾರ ಮತ್ತು ಶ್ರದ್ಧೆ ಒಂದೇ ಎದೆಯಲ್ಲಿ ಇರಲಾರವು ಎನ್ನುವವರಿಗೆ ಒಂಟಿಕೊಪ್ಪಲಿನಲ್ಲಿಯೇ ಒಂದು ಮನೆ ಉತ್ತರವಾಗಿದೆ. ಉದಯರವಿಯಲ್ಲಿ ಬಾಳಿದ ಕುವೆಂಪು ವಿಚಾರಕ್ರಾಂತಿಗೆ ಆಹ್ವಾನ ಕೊಟ್ಟವರು; ಜಾತಿ ಮತ್ತು ಮೂಢನಂಬಿಕೆಯ ವಿರುದ್ಧ ಅವರಷ್ಟು ಕಟುವಾಗಿ ಮಾತಾಡಿದವರು ಕಡಿಮೆ. ಪರಮಹಂಸರ ಮತ್ತು ವಿವೇಕಾನಂದರ ಜೀವನಚರಿತ್ರೆಗಳನ್ನು ಭಕ್ತಿಯಿಂದ ಕನ್ನಡಕ್ಕೆ ಕೊಟ್ಟವರೂ ಅವರೇ.

ಕೊನೆಯದಾಗಿ ಇನ್ನೊಂದು ಮಾತು ಕೇಳಿಬರಬಹುದು: ಅದೃಷ್ಟದಿಂದ ಲೋಕದ ವಿವರಣೆಯ ಕೆಲಸವನ್ನು ಕಿತ್ತುಕೊಂಡರೆ ಧರ್ಮಕ್ಕೆ ಅದರಿಂದ ಏನು ಪ್ರಯೋಜನ ಉಳಿಯುತ್ತದೆ? ಇದಕ್ಕೆ ಆ ಬೋಲ್ಟೇ ದಾರಿ ತೋರಿಸುತ್ತದೆ. ಪ್ಲೇಟಿಂಗ್ ಕೆಲಸ ಬಲ್ಲವರು ಗಟ್ಟಿ ಉಕ್ಕಿನ ಬೋಲ್ಟನ್ನು ತೊಟ್ಟಿಯಿಂದ ತೆಗೆದ ಕೆಲವೇ ಗಂಟೆಗಳೊಳಗೆ ಒಲೆಗೆ ಹಾಕಿ, ಸುಮಾರು 200 ಡಿಗ್ರಿಯಲ್ಲಿ ಹಲವು ಗಂಟೆ ಕಾಯಿಸುತ್ತಾರೆ. ಕಣ್ಣಿಗೆ ಆ ಬೋಲ್ಟಿನಲ್ಲಿ ಯಾವ ದೋಷವೂ ಇಲ್ಲ. ಒಳಗೆ ಇಳಿದಿರುವುದು ಯಾರಿಗೂ ಕಾಣುವುದಿಲ್ಲ. ಅದು ಇದೆ ಎಂದು ಗೊತ್ತಿರುವುದರಿಂದಲೇ, ಮುಂದೆಂದೋ ಆ ಬೋಲ್ಟಿನ ಮೇಲೆ ಭಾರ ಹಾಕುವ ಅಪರಿಚಿತರಿಗಾಗಿ, ಇವತ್ತು ಅದನ್ನು ಶಾಖದಿಂದ ಹೊರಗೆಡಹುತ್ತಾರೆ. ಕಾಣದ್ದರ ಮೇಲಿನ ನಂಬಿಕೆ ಮಾಡಬೇಕಾದ ಕೆಲಸ ಇದು. ನಾನು ಇಂದು ಮಾಡಿದ್ದು ನನ್ನ ಕಣ್ಣಿಗೆ ಬೀಳದ ಕಡೆ, ನಾನು ನೋಡದ ಕಾಲದಲ್ಲಿ, ಯಾರಿಗೋ ಫಲವಾಗಿ ತಗಲುತ್ತದೆ ಎಂಬ ಅರಿವು ನನ್ನ ಕೈಯನ್ನು ಮುಂಚಿತವಾಗಿ ಹಿಡಿಯುತ್ತದೆ, ಬಿಟ್ಟುಹೋದದ್ದನ್ನು ಸರಿಪಡಿಸಲು ತಳ್ಳುತ್ತದೆ. ಕರ್ಮವನ್ನು ಹೀಗೆ ಮುಂದಕ್ಕೆ ನೋಡಿ ನಂಬುವವರ ಜೊತೆ ನನಗೆ ಯಾವ ಜಗಳವೂ ಇಲ್ಲ. ಅವರ ಅದೃಷ್ಟ ನಾಳೆಯ ಹೊಣೆಯಾಗಿ ಬದಲಾಗಿದೆ. ಬೋಲ್ಟು ತುಂಡಾಗಿ ಯಾರದೋ ಮನೆ ಮುರಿದ ಮೇಲೆ ಹಿಂದಕ್ಕೆ ತಿರುಗಿ, ಆ ಮನೆಯವರ ಹಣೆಬರಹ ಎನ್ನುವಾಗ ಮಾತ್ರ ನಾವು ಲೆಕ್ಕ ತಪ್ಪುತ್ತೇವೆ. ಆ ಹೊತ್ತಿನಲ್ಲಿ ಕೇಳಬೇಕಾದದ್ದು ಬೋಲ್ಟನ್ನು ಒಲೆಗೆ ಹಾಕಿದ್ದರೇ ಎಂದು.